ಪಂಚೆಗೆ ಪ್ರವೇಶವಿಲ್ಲ



ಎರಡು ತಿಂಗಳಿನಿಂದ ಈ ಪುಟದಲ್ಲಿ ನಾನು ಏನನ್ನೂ ಬರೆದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಂದು ಕಾರಣ, ಸ್ವಭಾವಸಿದ್ಧವಾದ ಸೋಮಾರಿತನ ಇನ್ನೊಂದು. ಈಗ ಬರೆಯಲೇಬೇಕೆನಿಸಿದ್ದು ಕಳೆದ ವಾರ ಕೈಸೇರಿದ ಒಂದು ಆಮಂತ್ರಣದಿಂದ. 1987-88ನೆಯ ಸಾಲಿನ ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿಗಳು ಬರುವ ಮೇ ತಿಂಗಳ ಒಂದು ಭಾನುವಾರ ಕುಂದಾಪುರದ ಹೋಟೆಲೊಂದರಲ್ಲಿ ಒಟ್ಟುಗೂಡುವರಂತೆ. ಗುರುವಂದನೆ, ಭೋಜನ, ಸಮೂಹಚಿತ್ರ. ಓದಿ ಕಣ್ಣು ತುಂಬಿತು. ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ತುಂಬಿದ ಕಣ್ಣು ಕೆಂಪಾಯಿತೆಂದು ಹೇಳದೆ ವಿಧಿಯಿಲ್ಲ. ‘ಉಡುಪು: ಪುರುಷರಿಗೆ ಸೂಟು ಅಥವಾ ಬ್ಲೇಜರ್, ಮಹಿಳೆಯರಿಗೆ ಸೀರೆ. ದಯವಿಟ್ಟು ಕಡ್ಡಾಯವಾಗಿ ಪಾಲಿಸಿರಿ.’

ಮೇ ತಿಂಗಳು, ಕುಂದಾಪುರ, ಬ್ಲೇಜರ್! ನಿಮಗೆ ಭೂಗೋಳ ಕಲಿಸಿದವನು ನಾನಲ್ಲ, ಕನ್ನಡ ಮತ್ತು ಸಮಾಜ ಕಲಿಸಿದವನು. ಆದರೂ ಮಾನ್ಸೂನಿಗೆ ಮೊದಲಿನ ಹದಿನೈದು ದಿನ ನಮ್ಮ ಕರಾವಳಿಯ ಗಾಳಿ ಹೇಗಿರುತ್ತದೆಂಬುದನ್ನು ಯಾರಿಗೂ ಪಾಠ ಮಾಡಬೇಕಾಗಿಲ್ಲ. ಹೋಟೆಲಿನಲ್ಲಿ ಹವಾನಿಯಂತ್ರಣವಿದೆ ಎನ್ನುವಿರಿ, ಒಪ್ಪಿದೆ. ನನ್ನ ತಕರಾರು ಬೆವರಿನದಲ್ಲ. ಇಂಥದೇ ಒಂದು ಸಾಲನ್ನು ನಾನು ಇದಕ್ಕೆ ಮೊದಲು ಓದಿದ್ದು ಸಮುದ್ರದ ನಡುವೆ, ಒಂದು ವಿಹಾರನೌಕೆಯಲ್ಲಿ. ಆ ಕಥೆಯನ್ನು ಇದುವರೆಗೆ ಮನೆಯವರ ಹೊರತು ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ.

ಮಗ ಸಿಂಗಪುರದಲ್ಲಿದ್ದಾನೆಂಬುದು ನಿಮಗೆಲ್ಲ ಗೊತ್ತು. ಅಪ್ಪ ಅಮ್ಮನನ್ನು ಹಡಗಿನಲ್ಲಿ ನಾಲ್ಕು ದಿನ ತಿರುಗಿಸಬೇಕೆಂದು ಅವನಿಗೆ ಆಸೆ. ಸಮುದ್ರವನ್ನು ನೋಡಲು ನಾನು ಅಷ್ಟು ದೂರ ಹೋಗಬೇಕೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ತ್ರಾಸಿಯಲ್ಲಿ ಹುಟ್ಟಿದವನ ಕಿವಿಯಲ್ಲಿ ಹೆದ್ದಾರಿಯ ಲಾರಿಗಳಿಗಿಂತ ಮೊದಲು ತುಂಬಿದ್ದು ತೆರೆಯ ಸದ್ದು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ರಸ್ತೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಕಾರು ನಿಲ್ಲಿಸುತ್ತಾರೆ. ಆದರೂ ಮಗನ ಮನಸ್ಸು ನೋಯಿಸಬಾರದೆಂದು ಹೊರಟೆವು.

ಹಡಗೆಂದರೆ ಹಡಗಲ್ಲ, ಹತ್ತು ಹದಿನೈದು ಅಂತಸ್ತಿನ ಒಂದು ಪೇಟೆ. ಅದರ ವರ್ಣನೆಯನ್ನು ಇಲ್ಲಿ ಬೆಳೆಸುವುದಿಲ್ಲ. ಎರಡನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲ ಸಂದಿನಲ್ಲಿ ಆ ದಿನದ ಕಾರ್ಯಕ್ರಮಗಳ ಪತ್ರಿಕೆ ಬಿದ್ದಿತ್ತು. ರಾತ್ರಿಯ ಭೋಜನಕ್ಕೆ ‘ಫಾರ್ಮಲ್ ನೈಟ್’ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದರು. ಔಪಚಾರಿಕ ರಾತ್ರಿ. ಅಂದರೆ ಗಂಡಸರು ಕಪ್ಪು ಕೋಟು, ಕುತ್ತಿಗೆಗೆ ಚಿಟ್ಟೆಯಂಥ ಟೈ, ಹೊಳೆಯುವ ಬೂಟು. ಹೆಂಗಸರು ನೆಲ ಮುಟ್ಟುವ ನಿಲುವಂಗಿ. ತಂದಿಲ್ಲದವರಿಗೆ ಹಡಗಿನಲ್ಲಿಯೇ ಬಾಡಿಗೆಗೆ ಕೋಟು ಸಿಗುತ್ತದೆ. ಊಟದ ದುಡ್ಡು ಮೊದಲೇ ಕೊಟ್ಟಾಗಿದೆ, ಉಣ್ಣುವ ಯೋಗ್ಯತೆಯನ್ನು ಮಾತ್ರ ಬಾಡಿಗೆಗೆ ತರಬೇಕು.

ಔಪಚಾರಿಕ ಎಂದರೆ ನನಗೆ ಸಂಶಯವೇ ಇರಲಿಲ್ಲ. ಮಗನ ಮದುವೆಯಲ್ಲಿ ಉಟ್ಟ ಜರಿಯಂಚಿನ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೆ ಶಲ್ಯ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಇದೇ ಉಡುಪಿನಲ್ಲಿ ಕುಳಿತು ರಾತ್ರಿಯಿಡೀ ಕೃಷ್ಣನೂ ಕೌರವನೂ ಆಗುವುದನ್ನು ನೋಡುತ್ತ ಬೆಳೆದವನು ನಾನು. ಇದಕ್ಕಿಂತ ಗಂಭೀರವಾದ ಉಡುಪು ನನ್ನ ಪೆಟ್ಟಿಗೆಯಲ್ಲಿಯೂ ಇಲ್ಲ, ಕಲ್ಪನೆಯಲ್ಲಿಯೂ ಇಲ್ಲ. ಮಡದಿ ರೇಷ್ಮೆ ಸೀರೆ ಉಟ್ಟಳು. ಭೋಜನಶಾಲೆಯ ಬಾಗಿಲಿನಲ್ಲಿ ನಿಂತ ಹುಡುಗ ಆಕೆಗೆ ತಲೆಬಾಗಿ ದಾರಿ ಬಿಟ್ಟ. ಹಿಂದೆಯೇ ಇದ್ದ ಒಬ್ಬ ಬಿಳಿಯ ಹೆಂಗಸು ಸೀರೆಯ ಸೆರಗನ್ನು ಮುಟ್ಟಿ ಮುಟ್ಟಿ ಹೊಗಳಿದಳು. ನನ್ನನ್ನು ಕಂಡೊಡನೆ ಅದೇ ಹುಡುಗನ ಮುಖ ಸಣ್ಣದಾಯಿತು. ಅವನು ಅಡ್ಡಗೈ ಇಡಲಿಲ್ಲ, ಅಷ್ಟರ ಮಟ್ಟಿಗೆ ಸಭ್ಯ. ಮಗನ ಕಡೆ ಬಾಗಿ ಏನೋ ಪಿಸುಗುಟ್ಟಿದ. ಮಗ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಅಪ್ಪಯ್ಯ, ಇಲ್ಲ್ ಪಂಚಿ ಆತಿಲ್ಲೆ ಅಂಬ್ರ್.”

ಸಮುದ್ರದ ನಟ್ಟನಡುವೆ ನಮ್ಮೂರಿನ ಭಾಷೆ ಕೇಳಿ ಬಾಗಿಲಿನ ಹುಡುಗ ಬೆಚ್ಚಿಬಿದ್ದ. ಅವನೂ ನಮ್ಮ ಕಡೆಯವನೇ! ಬ್ರಹ್ಮಾವರದ ಆಚೆಯ ಒಂದು ಹಳ್ಳಿ. “ಎಂತ ಮಾಡೂದ್ ಮಾಷ್ಟ್ರೇ, ಹೊಟ್ಟೆಪಾಡ್” ಎಂದು ಕೈ ಹಿಸುಕಿಕೊಂಡ. ನಾನು ಮೇಷ್ಟ್ರೆಂದು ಅವನಿಗೆ ಹೇಗೆ ತಿಳಿಯಿತೋ! ಬಹುಶಃ ನಿಂತ ಭಂಗಿಯಿಂದ ಇರಬೇಕು. ಅವನ ಮೇಲೆ ನನಗೆ ಅಂದೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ. ಮಡದಿಯನ್ನೂ ಮಗನ ಸಂಸಾರವನ್ನೂ ಒಳಗೆ ಕಳುಹಿಸಿ, ನಾನು ಮೇಲಿನ ಅಂತಸ್ತಿನ ಸಾಮಾನ್ಯ ಊಟದ ಕಟ್ಟೆಗೆ ಹೋದೆ. ಅಲ್ಲಿ ಈಜುಕೊಳದಿಂದ ನೇರವಾಗಿ ಬಂದವರು ಒದ್ದೆ ಚಡ್ಡಿಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಹಡಗಿನವರ ಲೆಕ್ಕದಲ್ಲಿ ಆ ಒದ್ದೆ ಚಡ್ಡಿಯೂ ನನ್ನ ಜರಿಪಂಚೆಯೂ ಒಂದೇ ದರ್ಜೆ.

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಪತ್ರಿಕೆಯನ್ನು ಸಾವಧಾನವಾಗಿ ಓದಿದೆ. ಉಡುಪಿನ ಸೂಚನೆಯ ಕೊನೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಂದು ಮಾತಿತ್ತು: ‘ಅಥವಾ ರಾಷ್ಟ್ರೀಯ ಉಡುಪು’. ನಿಯಮದಲ್ಲಿ ನನಗೆ ಪ್ರವೇಶವಿತ್ತು! ಬಾಗಿಲಿನ ಹುಡುಗನಿಗೆ ಅದು ಗೊತ್ತಿರಲಿಲ್ಲ, ಎಂಜಿನಿಯರಾದ ನನ್ನ ಮಗ ಅದನ್ನು ಓದಿರಲಿಲ್ಲ, ಜೀವನವಿಡೀ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಮಕ್ಕಳಿಗೆ ಹೇಳಿದ ನಾನೂ ಓದಿರಲಿಲ್ಲ. ವಿಚಾರಿಸಿದಾಗ ಹಡಗಿನ ಅಧಿಕಾರಿಯೊಬ್ಬರು ವಿಷಾದ ಸೂಚಿಸಿ ಕೋಣೆಗೆ ಒಂದು ಬುಟ್ಟಿ ಹಣ್ಣು ಕಳುಹಿಸಿದರು. ನಾಲ್ಕು ದಿನದ ಯಾತ್ರೆಯಲ್ಲಿ ಔಪಚಾರಿಕ ರಾತ್ರಿ ಒಂದೇ. ಅದು ಮುಗಿದುಹೋಗಿತ್ತು.

ಈ ಪದ್ಧತಿಯ ಮೂಲವನ್ನು ಊರಿಗೆ ಬಂದ ಮೇಲೆ ಅಷ್ಟಿಷ್ಟು ಓದಿಕೊಂಡೆ. ವಿಮಾನಗಳಿಲ್ಲದ ಕಾಲದಲ್ಲಿ ಖಂಡದಿಂದ ಖಂಡಕ್ಕೆ ಓಡುತ್ತಿದ್ದ ದೊಡ್ಡ ಹಡಗುಗಳಲ್ಲಿ ಮೊದಲ ದರ್ಜೆಯವರು ರಾತ್ರಿಯೂಟಕ್ಕೆ ಉಡುಪು ಬದಲಿಸಿ ಬರುತ್ತಿದ್ದರು. ಕೆಳಗಿನ ದರ್ಜೆಯವರು ಆ ಊಟದ ಮನೆಯನ್ನು ನೋಡುತ್ತಲೇ ಇರಲಿಲ್ಲ. ನನ್ನ ದೊಡ್ಡಜ್ಜ ಮಂಗಳೂರಿನಿಂದ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹಡಗು ಹತ್ತಿದವರು. ಡೆಕ್ಕಿನ ಮೇಲೆ ಚಾಪೆ, ಬುತ್ತಿಯ ಅವಲಕ್ಕಿ, ಉಟ್ಟ ಒಂದೇ ಪಂಚೆ. ಅವರ ಯಾತ್ರೆಯಲ್ಲಿ ಔಪಚಾರಿಕ ರಾತ್ರಿ ಇರಲಿಲ್ಲ, ಹೊಟ್ಟೆ ತೊಳಸಿದ ರಾತ್ರಿಗಳು ಮಾತ್ರ. ಹೀಗೆ ದರ್ಜೆಗಳ ನಡುವೆ ಎಳೆದ ಗೆರೆಯೇ ಇಂದು ರಜೆಯ ಮೋಜಿನ ಹೆಸರಿನಲ್ಲಿ ಉಳಿದಿದೆ. ಸ್ವಾರಸ್ಯವೆಂದರೆ, ಗೆರೆ ಎಳೆದವರೇ ಅದನ್ನು ಅಳಿಸುತ್ತಿದ್ದಾರೆ. ನಾರ್ವೀಜಿಯನ್ ಕಂಪೆನಿ 2000ದಲ್ಲಿಯೇ ‘ಇಷ್ಟ ಬಂದಂತೆ ಊಟ’ದ ಪದ್ಧತಿಯನ್ನು ತಂದಿತು. ಸೆಲೆಬ್ರಿಟಿ ಎಂಬ ಕಂಪೆನಿ 2015ರ ಕೊನೆಯಲ್ಲಿ ಔಪಚಾರಿಕ ರಾತ್ರಿಗಳನ್ನು ಕೈಬಿಟ್ಟು ಸಡಿಲವಾದ ನಿಯಮವನ್ನು ಇಟ್ಟುಕೊಂಡಿತು. ಕ್ಯೂನಾರ್ಡಿನಂಥ ಹಳೆಯ ಮನೆತನದ ಹಡಗುಗಳಲ್ಲಿ ಅದು ಇನ್ನೂ ನಡೆಯುತ್ತಿದೆ. ಸಾಹೇಬ ಕೋಟು ಬಿಚ್ಚಿ ಗೂಟಕ್ಕೆ ಹಾಕುವ ಹೊತ್ತಿಗೆ ನಾವು ಕುಂದಾಪುರದಲ್ಲಿ ಅದನ್ನು ತೊಟ್ಟು ನಿಲ್ಲುತ್ತಿದ್ದೇವೆ.

ಹಡಗು ಮತ್ತು ಉಡುಪು ಎಂದಾಗ ಗಾಂಧೀಜಿಯವರ ಆತ್ಮಕಥೆ ನೆನಪಾಗದೆ ಇರದು. 1888ರಲ್ಲಿ ವಿಲಾಯತಿಗೆ ಹೊರಟ ಹದಿನೆಂಟರ ಹುಡುಗ ಹಡಗಿನಲ್ಲೆಲ್ಲ ಕಪ್ಪು ಸೂಟು ತೊಟ್ಟು, ಇಳಿಯುವಾಗ ಶೋಭಿಸಲೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ತೆಗೆದಿಟ್ಟಿದ್ದ. ಸೆಪ್ಟೆಂಬರಿನ ಕೊನೆ. ದಡದಲ್ಲಿ ನೋಡಿದರೆ ಬಿಳಿ ತೊಟ್ಟವನು ತಾನೊಬ್ಬನೇ! ನಾಚಿಕೆಯಿಂದ ಕುಗ್ಗಿದ. ಇದನ್ನು ನಾವೆಲ್ಲ ನಗುತ್ತ ಓದುತ್ತೇವೆ. ನಗು ಬಾರದ ಪ್ರಸಂಗ 1896ರದು. ದಕ್ಷಿಣ ಆಫ್ರಿಕಕ್ಕೆ ಕಸ್ತೂರಬಾ ಅವರನ್ನೂ ಮಕ್ಕಳನ್ನೂ ಕರೆದೊಯ್ಯುವಾಗ ಗಾಂಧೀಜಿಯವರೇ ಅವರ ಉಡುಪನ್ನು ನಿರ್ಧರಿಸಿದರು. ಪೂರ್ತಿ ಯೂರೋಪಿಯನ್ ಉಡುಪು ಹೊಂದದು, ಪಾರ್ಸಿಗಳು ನಾಗರಿಕರೆನಿಸಿಕೊಂಡಿದ್ದಾರೆ, ಆದ್ದರಿಂದ ಹೆಂಡತಿಗೆ ಪಾರ್ಸಿ ಸೀರೆ, ಹುಡುಗರಿಗೆ ಪಾರ್ಸಿ ಕೋಟು ಮತ್ತು ಪ್ಯಾಂಟು. ಬೂಟು, ಕಾಲುಚೀಲ ಎಲ್ಲರಿಗೂ ಕಡ್ಡಾಯ. ಬೂಟು ಕಾಲನ್ನು ಹಿಂಡಿತು, ಚೀಲ ಬೆವರಿನಿಂದ ನಾರಿತು, ಬೆರಳುಗಳು ಹುಣ್ಣಾದವು. ಒಲ್ಲದ ಮನಸ್ಸಿನಿಂದ ಅವರೆಲ್ಲ ತನ್ನ ಅಧಿಕಾರಕ್ಕೆ ಮಣಿದರೆಂದು ಗಾಂಧೀಜಿಯವರು ತಮ್ಮ ತಪ್ಪನ್ನು ತಾವೇ ಬರೆದುಕೊಂಡಿದ್ದಾರೆ. ಆ ಹಡಗಿನಲ್ಲಿ ಕಸ್ತೂರಬಾ ಅವರ ಕಾಲಿಗೆ ಬೂಟು ತೊಡಿಸಿದವನು ಬಿಳಿಯನಲ್ಲ, ಸ್ವಂತ ಗಂಡ. ಅದೇ ಮನುಷ್ಯ 1931ರಲ್ಲಿ ‘ರಾಜಪುತಾನ’ ಹಡಗಿನಲ್ಲಿ ತುಂಡುಪಂಚೆಯಲ್ಲಿಯೇ ಹೋದರು, ಅದೇ ನವೆಂಬರಿನಲ್ಲಿ ಅದೇ ಪಂಚೆಯಲ್ಲಿ ದೊರೆಯ ಅರಮನೆಯ ಮೆಟ್ಟಿಲನ್ನೂ ಹತ್ತಿದರು. ನಡುವಿನ ಮೂವತ್ತೈದು ವರ್ಷಗಳಲ್ಲಿ ಅವರು ಕಲಿತದ್ದನ್ನು ನಾವು ಮರೆತಿದ್ದೇವೆ.

ದೂರದ ಸ್ಟಾಕ್‌ಹೋಮನ್ನೇ ನೋಡಿ. ನೊಬೆಲ್ ಪ್ರದಾನಕ್ಕಿಂತ ಔಪಚಾರಿಕವಾದ ಸಂಜೆ ಜಗತ್ತಿನಲ್ಲಿ ಇರಲಾರದು. ಅಲ್ಲಿಯ ನಿಯಮ ಬಹಳ ಬಿಗಿಯಾದದ್ದು. ಆದರೆ ಅದೇ ನಿಯಮದಲ್ಲಿ ರಾಷ್ಟ್ರೀಯ ಉಡುಪಿಗೂ ಸ್ಥಾನವಿದೆ. 2019ರ ಡಿಸೆಂಬರ್ 10ರಂದು ಅಭಿಜಿತ್ ಬ್ಯಾನರ್ಜಿಯವರು ಪಂಚೆಯುಟ್ಟು, ಅವರ ಮಡದಿ ಎಸ್ತರ್ ಡುಫ್ಲೊ ಸೀರೆಯುಟ್ಟು ಸ್ವೀಡನ್ನಿನ ದೊರೆಯಿಂದ ಪದಕ ಪಡೆದರು. ಯಾರ ಮುಖವೂ ಸಣ್ಣದಾಗಲಿಲ್ಲ.

ಇನ್ನು ನಮ್ಮ ರಾಜಧಾನಿ. 2024ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ವಯಸ್ಸಾದ ರೈತರೊಬ್ಬರು ಮಗನೊಂದಿಗೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಹೋದರು. ಟಿಕೆಟು ಕೈಯಲ್ಲಿತ್ತು. ಪಂಚೆ ಉಟ್ಟವರಿಗೆ ಪ್ರವೇಶವಿಲ್ಲ, ಪ್ಯಾಂಟು ಹಾಕಿಕೊಂಡು ಬನ್ನಿ ಎಂದು ಕಾವಲಿನವರು ತಡೆದರು. ವಿಧಾನಸಭೆಯಲ್ಲಿ ಗದ್ದಲವಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಚಿವರು ಘೋಷಿಸಿದರು, ಆಸ್ತಿ ತೆರಿಗೆಯ ಬಾಕಿಯೂ ಹೊರಬಿತ್ತು. ಆ ರೈತರಿಗೆ ಅಲ್ಲಿಯೇ ಸನ್ಮಾನ. ಹಡಗಿನವರು ನನಗೆ ಹಣ್ಣಿನ ಬುಟ್ಟಿ ಕಳುಹಿಸಿದ ಹಾಗೆ! ಅದಕ್ಕೆ ಐದು ತಿಂಗಳ ಮೊದಲು, ಫೆಬ್ರವರಿಯಲ್ಲಿ, ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ಇನ್ನೊಬ್ಬ ರೈತರನ್ನು ಬಟ್ಟೆ ಕೊಳೆಯಾಗಿದೆಯೆಂದು ತಡೆದಿದ್ದರು. ಅಲ್ಲಿ ಒಂದು ಸಮಾಧಾನವುಂಟು. ಗುರುತು ಪರಿಚಯವಿಲ್ಲದ ಸಹಪ್ರಯಾಣಿಕರು ಅವರ ಪರವಾಗಿ ನಿಂತು ವಾದಿಸಿ ಒಳಗೆ ಕರೆದೊಯ್ದರು. ನನ್ನ ಹಡಗಿನ ಸಾಲಿನಲ್ಲಿ ಅಂಥವರು ಯಾರೂ ಇರಲಿಲ್ಲ. ಸ್ವಂತ ಮಗನೂ ಇರಲಿಲ್ಲ ಎಂದು ಬರೆದರೆ ಅವನು ಮುನಿಸಿಕೊಂಡಾನು. ಮುನಿಸಿಕೊಳ್ಳಲಿ, ಓದಲಿ.

ತಮಿಳರು ಈ ವಿಷಯದಲ್ಲಿ ನಮಗಿಂತ ಗಟ್ಟಿಗರು. 2014ರ ಜುಲೈಯಲ್ಲಿ ಮದರಾಸು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿ ಹರಿಪರಂಧಾಮನ್ ಅವರನ್ನೇ ವೇಷ್ಟಿ ಉಟ್ಟಿದ್ದಕ್ಕಾಗಿ ಚೆಪಾಕಿನ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನ ಬಾಗಿಲಿನಲ್ಲಿ ತಡೆದರು. ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಆಹ್ವಾನಿತರಾಗಿ ಬಂದವರು ಅವರು. ಅದೇ ವರ್ಷ ಅಲ್ಲಿಯ ವಿಧಾನಸಭೆ ಒಂದು ಕಾಯ್ದೆಯನ್ನೇ ಮಾಡಿತು. ವೇಷ್ಟಿಯಂಥ ನಾಡಿನ ಉಡುಪನ್ನು ತೊಟ್ಟವರಿಗೆ ಕ್ಲಬ್ಬುಗಳಲ್ಲಿಯೂ ಸಾರ್ವಜನಿಕ ಸ್ಥಳಗಳಲ್ಲಿಯೂ ಪ್ರವೇಶ ನಿರಾಕರಿಸಿದರೆ ಶಿಕ್ಷೆ.

ಇಷ್ಟು ಓದುವಷ್ಟರಲ್ಲಿ ನಿಮ್ಮಲ್ಲಿ ವಾದಪ್ರಿಯರು ಎದ್ದು ನಿಂತಿರುತ್ತೀರಿ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನೀವೇ ಕಲಿಸಿದಿರಲ್ಲ ಸಾರ್, ಧರ್ಮಸ್ಥಳದಲ್ಲಿ ಅಂಗಿ ಬಿಚ್ಚಿರೆಂದರೆ ಸುಮ್ಮನೆ ಬಿಚ್ಚುತ್ತೀರಿ, ಹಡಗಿನಲ್ಲಿ ಕೋಟು ಹಾಕಿರೆಂದರೆ ಏಕೆ ಈ ರೋಷ? ಒಳ್ಳೆಯ ಪ್ರಶ್ನೆ. ಉಡುಪಿನ ನಿಯಮಗಳೇ ಇರಬಾರದೆಂದು ನಾನು ಹೇಳುವುದಿಲ್ಲ. ಯಕ್ಷಗಾನದ ಚೌಕಿಯನ್ನು ಕಂಡವನು ಹಾಗೆ ಹೇಳಲಾರ. ಅಭಿಮನ್ಯುವಿಗೆ ಕೇದಗೆ ಮುಂದಲೆಯೇ ಆಗಬೇಕು. ಬೇರೆ ಕಟ್ಟಿಕೊಂಡು ಬಂದರೆ ನಾನೇ ಎದ್ದು ಮನೆಗೆ ಹೋದೇನು. ಆದರೆ ಆ ನಿಯಮ ವೇಷಧಾರಿಗೆ, ಬಯಲಿನಲ್ಲಿ ಕುಳಿತ ಪ್ರೇಕ್ಷಕನಿಗಲ್ಲ. ದೇವಸ್ಥಾನದಲ್ಲಿ ಅಂಗಿ ಬಿಚ್ಚಲು ಯಾರೂ ಅಂಗಡಿಗೆ ಹೋಗಬೇಕಾಗಿಲ್ಲ. ಸಾಹುಕಾರನದೂ ಬಿಚ್ಚುವುದೇ, ಕೂಲಿಯವನದೂ ಬಿಚ್ಚುವುದೇ.

ಹೀಗೆ ಬರೆದು ಗೆದ್ದೆನೆಂದು ಬೀಗುವಷ್ಟು ಧೈರ್ಯ ನನಗಿಲ್ಲ. 2024ರ ಡಿಸೆಂಬರ್ 31ರಂದು ಕೇರಳದ ಶಿವಗಿರಿ ಮಠದ ಸ್ವಾಮಿ ಸಚ್ಚಿದಾನಂದರು, ಅಂಗಿ ಬಿಚ್ಚಿಸುವ ಪದ್ಧತಿ ಹುಟ್ಟಿದ್ದೇ ಜನಿವಾರ ಇದೆಯೇ ಎಂದು ನೋಡಲು, ಅದನ್ನು ಬಿಡಬೇಕು ಎಂದರು. ನಾರಾಯಣ ಗುರುಗಳ ಪರಂಪರೆಯವರ ಮಾತು. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಬರಿಮೈಯೂ ಒಂದು ಸೋಸುವ ಜರಡಿಯಾಗಿದ್ದೀತೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆ ಜರಡಿಯಲ್ಲಿ ಕೆಳಗೆ ಬೀಳದವರಿಗೆ ಹೊಳೆಯುವುದೂ ಇಲ್ಲ. ಹಡಗಿನ ಬಾಗಿಲಿನಲ್ಲಿ ನಾನು ಮೊದಲ ಬಾರಿಗೆ ಕೆಳಗೆ ಬಿದ್ದೆ, ಅದಕ್ಕೇ ಅಷ್ಟು ನೋವಾಯಿತು.

ಅಂದಹಾಗೆ ಅದೇ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ದೇವಾಲಯಕ್ಕೆ, ಪಣಂಬೂರಿನ ಬಂದರಿನಲ್ಲಿ ಇಳಿಯುವ ವಿಹಾರನೌಕೆಗಳ ಪ್ರವಾಸಿಗರು ಗುಂಪುಗುಂಪಾಗಿ ಬರುತ್ತಾರೆ. ಬಂದರಿನಲ್ಲಿ ಅವರಿಗೆ ಯಕ್ಷಗಾನದ ವೇಷದೊಂದಿಗೆ ಸ್ವಾಗತ. ಬಂದವರು ಮೊಣಕಾಲು ಕಾಣುವ ಚಡ್ಡಿಯಲ್ಲಿರುತ್ತಾರೆ. ಅವರ ಹಡಗಿನಲ್ಲಿ ರಾತ್ರಿ ನಮ್ಮ ಪಂಚೆ ಔಪಚಾರಿಕವಲ್ಲ. ನಮ್ಮ ಬಂದರಿನಲ್ಲಿ ಹಗಲು ಅವರ ಚಡ್ಡಿಗೆ ಹೂಮಾಲೆ. ಮಾಲೆ ಹಾಕಬಾರದೆಂದಲ್ಲ, ಹಾಕಲಿ. ಅತಿಥಿಯನ್ನು ಬಟ್ಟೆಯಿಂದ ಅಳೆಯದಿರುವುದು ನಮ್ಮ ರೂಢಿಯೇ ಆಗಿದ್ದರೆ, ಹಾವೇರಿಯ ರೈತನಿಗೆ ಮಾತ್ರ ಅದು ಅನ್ವಯಿಸದಿದ್ದುದು ಏಕೆಂದಷ್ಟೇ ನನ್ನ ಪ್ರಶ್ನೆ.

ಇಷ್ಟೆಲ್ಲ ದೂರು ಹೇಳಿದ ಮೇಲೆ ನನ್ನದೇ ಒಂದು ಲೆಕ್ಕ ತೀರಿಸುವುದಿದೆ. 1988ರ ಫೆಬ್ರವರಿ. ನಿಮ್ಮ ತರಗತಿಯ ಬೀಳ್ಕೊಡುಗೆಯ ಸಮೂಹಚಿತ್ರ. ಬಿಳಿ ಅಂಗಿ, ನೀಲಿ ಪ್ಯಾಂಟು, ಬೂಟು ಎಂದು ಹಿಂದಿನ ದಿನವೇ ಹೇಳಿದ್ದೆ. ನಿಮ್ಮಲ್ಲೊಬ್ಬ, ಗಂಗೊಳ್ಳಿಯ ಕಡೆಯ ಹುಡುಗ, ಒಗೆದು ಮಡಿ ಮಾಡಿದ ಬಿಳಿ ಅಂಗಿಯ ಕೆಳಗೆ ತಂದೆಯ ಪಂಚೆ ಉಟ್ಟು ಬರಿಗಾಲಿನಲ್ಲಿ ಬಂದ. ಮನೆಯಲ್ಲಿದ್ದ ಒಂದೇ ಪ್ಯಾಂಟನ್ನು ಅಣ್ಣ ಹಾಕಿಕೊಂಡು ಕೆಲಸ ಹುಡುಕಲು ಮಂಗಳೂರಿಗೆ ಹೋಗಿದ್ದನಂತೆ. ತರಗತಿಯ ಅಧ್ಯಾಪಕ ನಾನು. ಇಪ್ಪತ್ತೊಂಬತ್ತು ವರ್ಷ, ಹೊಸ ಬಿ.ಎಡ್. ಪದವಿಯ ಗತ್ತು. “ಹೀಗೆ ನಿಂತರೆ ಫೋಟೋ ಕೆಡುತ್ತದೆ, ನೀನು ಬೆಂಚು ಎತ್ತಿಡಲು ಸಹಾಯ ಮಾಡು” ಎಂದೆ. ಅವನು ಬೆಂಚುಗಳನ್ನು ಹೊತ್ತು ಸಾಲಾಗಿ ಇಟ್ಟ. ನೀವೆಲ್ಲ ಏರಿ ನಿಂತಿರಿ. ಅವನು ಛಾಯಾಗ್ರಾಹಕನ ಹಿಂದೆ ನಿಂತು ನೋಡಿದ. ಹಾಜರಿ ಪುಸ್ತಕದಲ್ಲಿ ನಲವತ್ತಮೂರು ಹೆಸರು, ಚಿತ್ರದಲ್ಲಿ ನಲವತ್ತೆರಡು ಮುಖ. ಆ ಚಿತ್ರ ನನ್ನ ಕೋಣೆಯ ಗೋಡೆಯ ಮೇಲೆ ಇಂದಿಗೂ ಇದೆ. ಹಡಗಿನಿಂದ ಮರಳಿದ ದಿನ ಅದರ ಮುಂದೆ ನಿಂತು ಒಂದೊಂದೇ ಮುಖ ಎಣಿಸಿದೆ. ಇಲ್ಲದವನ ಮುಖ ಮಾತ್ರ ಸ್ಪಷ್ಟವಾಗಿ ಕಂಡಿತು.

ನನ್ನನ್ನು ಯಾರೂ ಹಾಗೆ ಮಾಡೆಂದು ಬಲವಂತಪಡಿಸಿರಲಿಲ್ಲ. ಮುಖ್ಯೋಪಾಧ್ಯಾಯರು ಆ ಹೊತ್ತು ಅಲ್ಲಿ ಇರಲೂ ಇಲ್ಲ. ಬಾಗಿಲಿನ ಹುಡುಗನಿಗೆ ಹೊಟ್ಟೆಪಾಡಿನ ಭಯವಾದರೂ ಇತ್ತು, ನನಗೆ ಏನಿತ್ತು?

ಮೊನ್ನೆ ಗುರುವಾರ ಗಂಗೊಳ್ಳಿಯ ಬಂದರಿಗೆ ಹೋಗಿ ಅವನನ್ನು ಹುಡುಕಿದೆ. ಬಲೆ ಹೆಣೆಯುತ್ತ ಕುಳಿತಿದ್ದ, ತಲೆ ನನಗಿಂತ ಹೆಚ್ಚು ನರೆತಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ನೆನಪಾಗಬೇಕು. ಆಮಂತ್ರಣ ಅವನಿಗೂ ತಲುಪಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ವಾಕ್ಯಗಳು ಗಂಟಲಿನಲ್ಲಿಯೇ ಉಳಿದವು. ಅವನೇ ಮಾತು ತೆಗೆದ: “ಬಪ್ಪುಕೆ ಅಡ್ಡಿಲ್ಲೆ ಮಾಷ್ಟ್ರೇ, ಆರೆ ಕೋಟ್ ಇಲ್ಲೆ ಅಲ್ದಾ?” ನನ್ನ ಬಳಿಯೂ ಇಲ್ಲ ಎಂದೆ. ನಕ್ಕ. ಚಹಾ ತರಿಸಿದ.

ಆದ್ದರಿಂದ ಸಂಘಟಕರಲ್ಲಿ ವಿನಂತಿ. ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಪಂಚೆ ಉಟ್ಟು ಬರುತ್ತೇವೆ. ಆಮಂತ್ರಣದ ಆ ಕೊನೆಯ ಸಾಲನ್ನು ಹೊಡೆದುಹಾಕುವಿರೋ ಇಲ್ಲವೋ ಎಂಬುದನ್ನು ಶುಕ್ರವಾರದೊಳಗೆ ನನಗೆ ಫೋನ್ ಮಾಡಿ ತಿಳಿಸಿ, ಊಟದ ಎಲೆಗಳ ಲೆಕ್ಕ ತಪ್ಪಬಾರದು. ಹೊಡೆದುಹಾಕಿದರೆ ಫೋಟೋ ತೆಗೆಯುವವರಿಗೆ ನಲವತ್ತಮೂರು ಜನರೆಂದು ಹೇಳಿಡಿ. ಬೆಂಚು ಎತ್ತಿಡಲು ಈ ಬಾರಿ ನಾನಿದ್ದೇನೆ.